ಬಂಡೆಯ ಮೇಲಿನ ಅಕ್ಷರ, ಪರದೆಯ ಮೇಲಿನ ಬಣ್ಣ



ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಯಾವುದೋ ಒಂದು ಊರಿನಲ್ಲಿ ನೀವು ಓದುತ್ತಿದ್ದೀರಿ ಎಂದು ಇಟ್ಟುಕೊಳ್ಳೋಣ. (ಬೆಂಗಳೂರಿನ ಎಚ್.ಎ.ಎಲ್. ಬಳಿ ಹೊಸ ತಿಪ್ಪಸಂದ್ರ ಎಂಬ ಬಡಾವಣೆಯಿದೆ. ನಾನು ಹೇಳುತ್ತಿರುವುದು ಅದಲ್ಲ.) ಊರಿನಲ್ಲಿ ಕಣ್ಣಿನ ತಪಾಸಣಾ ಶಿಬಿರವೊಂದು ನಡೆಯಲಿದೆ. ನಿಮಗೆ ಕಂಪ್ಯೂಟರ್ ಬಳಸಲು ಬರುತ್ತದೆಂಬುದು ಎಲ್ಲರಿಗೂ ಗೊತ್ತು. ‘ಚೆಂದಾಗಿರೋ ಒಂದು ಪೋಸ್ಟರ್ ಮಾಡಿಕೊಡು ಮಗಾ’ ಎಂದು ಊರಿನ ಹಿರಿಯರು ನಿಮಗೇ ಕೆಲಸ ಒಪ್ಪಿಸುತ್ತಾರೆ. ಬಿಳಿ ಹಾಳೆಯ ಮೇಲೆ ಕಪ್ಪಕ್ಷರ ಎಂದರೆ ಸಪ್ಪೆ ಎಂದು ನಿಮಗೆ ಅನಿಸುತ್ತದೆ. ನಮ್ಮ ಸೀಮೆಯ ಗುರುತೆಂದರೆ ಬಂಡೆ ತಾನೆ? ಆದ್ದರಿಂದ ಗಣಕದಲ್ಲೇ ಒಂದು ಬಂಡೆಯ ಮೈಯನ್ನು ಸೃಷ್ಟಿಸಿ, ಅದನ್ನು ಹಿನ್ನೆಲೆಯಾಗಿ ಹರಡಿ, ಅದರ ಮೇಲೆ ಕೆಂಪಕ್ಷರದಲ್ಲಿ ದಿನಾಂಕ, ಸಮಯ, ಸ್ಥಳ ಬರೆಯುತ್ತೀರಿ. ನಿಮ್ಮ ಪರದೆಯ ಮೇಲೆ ಅದು ಬಹಳ ಸೊಗಸಾಗಿ ಕಾಣುತ್ತದೆ. ಹಾಲಿನ ಡೇರಿಯ ಗೋಡೆಗೆ ಅಂಟಿಸಿದ ಮೇಲೆ ಮಾತ್ರ ಅದನ್ನು ಯಾರಿಗಾಗಿ ಬರೆದಿರೋ ಆ ಅಜ್ಜಿಗೆ, ಕಣ್ಣಿನಲ್ಲಿ ಪೊರೆ ಬಂದಿರುವ ಆ ತಾತನಿಗೆ, ದಿನಾಂಕವೇ ಕಾಣುವುದಿಲ್ಲ.

ಬಣ್ಣ ಹೊಂದಲಿಲ್ಲ ಎಂದು ಜನ ಹೇಳುತ್ತಾರೆ. ಅದು ಅಭಿರುಚಿಯ ಪ್ರಶ್ನೆಯೆಂಬಂತೆ ಕೇಳಿಸುತ್ತದೆ. ವಾಸ್ತವವಾಗಿ ಅಲ್ಲಿ ಅಭಿರುಚಿಗಿಂತ ಹೆಚ್ಚಾಗಿ ಕೆಲಸ ಮಾಡುತ್ತಿರುವುದು ಲೆಕ್ಕ. ಅದೂ ಕಣ್ಣಿನ ಲೆಕ್ಕ. ಕಣ್ಣಿನ ಲೆಕ್ಕವೂ ಗಣಕದ ಲೆಕ್ಕವೂ ಒಂದೇ ಅಲ್ಲ ಎಂಬುದೇ ಇಂದಿನ ಈ ಮಾತಿನ ತಿರುಳು.

ಮೊದಲು ನಿಜವಾದ ಬಂಡೆಯ ಬಳಿಗೇ ಹೋಗೋಣ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬಾತನಿಂದ ಬಂದದ್ದು. ಊರಿನ ಹೆಸರು ಬದಲಾಯಿತು. ಭೂವಿಜ್ಞಾನಿಗಳ ಬಾಯಲ್ಲಿ ಮಾತ್ರ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬುದು ಹಾಗೆಯೇ ಉಳಿದಿದೆ. ಸಾವನದುರ್ಗವೂ ಇದೇ ಶಿಲೆಯ ಬೆಟ್ಟ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲಿನ ಹೊಸ ಒಡಕೊಂದನ್ನು ಹತ್ತಿರದಿಂದ ನೋಡಿ. ನಸುಗೆಂಪು ಅಥವಾ ಬೂದು ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು, ಗಾಜಿನಂತೆ ಮಿನುಗುವ ಬೆಣಚು, ನಡುನಡುವೆ ಎಳ್ಳು ಚೆಲ್ಲಿದಂತೆ ಕಪ್ಪು ಕಾಗೆಬಂಗಾರ. ಒಂದು ಅಂಗೈಯಗಲದಲ್ಲಿ ಬಿಳುಪಿನಿಂದ ಕಪ್ಪಿನವರೆಗೆ ಎಲ್ಲವೂ ಇವೆ.

ಇಂಥ ಕಲ್ಲಿನ ಮೇಲೆ ನಮ್ಮ ಹಿಂದಿನವರು ಶಾಸನ ಬರೆಸಿದರು. ಮಾಗಡಿ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟದಲ್ಲಿ, 1905ರಲ್ಲಿ, ಪ್ರಕಟಿಸಿದ್ದಾರೆ. ಶಾಸನ ಓದುವವರ ಕಷ್ಟವನ್ನು ಸ್ವಲ್ಪ ಊಹಿಸಿಕೊಳ್ಳಿ. ಅಕ್ಷರಕ್ಕೂ ಹಿನ್ನೆಲೆಗೂ ಒಂದೇ ಬಣ್ಣ; ಕಲ್ಲಿನಲ್ಲಿ ಕೊರೆದ ಅಕ್ಷರವೂ ಕಲ್ಲೇ ತಾನೆ! ಅಕ್ಷರ ಕಾಣುವುದು ಅದರ ಗುಳಿಯೊಳಗೆ ಬೀಳುವ ನೆರಳಿನಿಂದ ಮಾತ್ರ. ಆದ್ದರಿಂದಲೇ ನಡುಮಧ್ಯಾಹ್ನ ಓದಲಾಗದ ಕಲ್ಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ತಾನಾಗಿ ಓದಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗೆ ಇಳಿಸಿ, ಮೇಲೆ ಮಸಿ ಒತ್ತುತ್ತಾರೆ. ಉಬ್ಬಿದ ಭಾಗವೆಲ್ಲ ಕಪ್ಪಾಗಿ, ಗುಳಿಯೊಳಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇಲ್ಲಿ ಕೆಂಪು, ಹಸಿರು, ನೀಲಿ ಯಾವುದೂ ಬರಲಿಲ್ಲ ಎಂಬುದನ್ನು ಗಮನಿಸಿ. ಮಸಿ ಮಾಡಿದ್ದು ಒಂದೇ ಕೆಲಸ: ಅಕ್ಷರದ ತಿಳಿತನಕ್ಕೂ ಹಿನ್ನೆಲೆಯ ತಿಳಿತನಕ್ಕೂ ನಡುವಿನ ಅಂತರವನ್ನು ದೊಡ್ಡದು ಮಾಡಿದ್ದು.

‘ತಿಳಿತನ’ ಎಂದೆ. ಆ ಮಾತನ್ನು ಸ್ವಲ್ಪ ಬಿಡಿಸಬೇಕು. ಯಾವುದೇ ಬಣ್ಣಕ್ಕೆ ಮೂರು ಗುಣಗಳಿವೆ. ಅದು ಯಾವ ಬಗೆಯ ಬಣ್ಣ, ಕೆಂಪೋ ಹಸಿರೋ ಎಂಬುದು ಒಂದು. ಎಷ್ಟು ತಿಳಿ, ಎಷ್ಟು ಕಡು ಎಂಬುದು ಎರಡನೆಯದು. ಎಷ್ಟು ತೀವ್ರ, ಎಷ್ಟು ಮಂಕು ಎಂಬುದು ಮೂರನೆಯದು. ಈ ಮೂರನ್ನೂ ಬೇರೆಬೇರೆಯಾಗಿ ಅಳೆಯಬೇಕೆಂದು ಹಟ ಹಿಡಿದು, ಕಣ್ಣಿಗೆ ಸಮವೆಂದು ತೋರುವ ಮೆಟ್ಟಿಲುಗಳಲ್ಲಿ ಬಣ್ಣಗಳನ್ನು ಜೋಡಿಸಿದವನು ಆಲ್ಬರ್ಟ್ ಮನ್ಸೆಲ್ ಎಂಬ ಅಮೆರಿಕದ ಚಿತ್ರಕಾರ. ಅವನ ಪುಸ್ತಕ ಹೊರಬಂದದ್ದು 1905ರಲ್ಲಿ, ಮಾಗಡಿಯ ಶಾಸನಗಳು ಅಚ್ಚಾದ ವರ್ಷವೇ. ಎರಡಕ್ಕೂ ಸಂಬಂಧವೇನೂ ಇಲ್ಲ. ನೆನಪಿಟ್ಟುಕೊಳ್ಳಲು ಅನುಕೂಲ, ಅಷ್ಟೆ.

ಮೂರು ಗುಣಗಳಲ್ಲಿ ಓದುವುದಕ್ಕೆ ಬೇಕಾದದ್ದು ಮುಖ್ಯವಾಗಿ ತಿಳಿತನದ ಅಂತರ. ಏಕೆ? ನಮ್ಮ ಕಣ್ಣಿನ ಹಿಂಪರದೆಯಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆಯವು. ಅವುಗಳಲ್ಲಿ ನೀಲಿ ಬೆಳಕನ್ನು ಗ್ರಹಿಸುವವು ಬಹಳ ಕಡಿಮೆ. ನೋಟದ ನಟ್ಟನಡುವೆ, ನಾವು ಅಕ್ಷರವನ್ನು ನೆಟ್ಟು ನೋಡುವ ಜಾಗದಲ್ಲಿ, ಅವು ಇಲ್ಲವೇ ಇಲ್ಲ. ಉಳಿದ ಎರಡು ಬಗೆಯವೇ ಸೇರಿ ಬೆಳಕು-ಕತ್ತಲೆಯ ಚಿತ್ರವನ್ನು ಬಹು ಸೂಕ್ಷ್ಮವಾಗಿ ಬರೆಯುತ್ತವೆ. ಬಣ್ಣದ ಚಿತ್ರವನ್ನು ಮಿದುಳು ಅದರ ಮೇಲೆ ಸ್ವಲ್ಪ ಒರಟಾಗಿ ಬಳಿಯುತ್ತದೆ. ದಪ್ಪ ಅಂಚುಗಳಿಗೆ ಅಷ್ಟು ಸಾಕು; ಅಕ್ಷರದ ಸಣ್ಣ ಸೀಳಿಗೆ, ಸಣ್ಣ ಕೊಂಬಿಗೆ ಸಾಲದು.

ನೀವು ನೋಡುತ್ತಿರುವ ದೂರದರ್ಶನವೇ ಇದಕ್ಕೆ ಸಾಕ್ಷಿ. ನಮ್ಮ ದೇಶದಲ್ಲಿ ವರ್ಣ ಪ್ರಸಾರ ಆರಂಭವಾದದ್ದು 1982ರಲ್ಲಿ. ಆಗಿನ ವ್ಯವಸ್ಥೆಯಲ್ಲಿ ಬೆಳಕು-ಕತ್ತಲೆಯ ವಿವರಗಳಿಗೆ ಅಗಲವಾದ ದಾರಿ ಬಿಟ್ಟು, ಬಣ್ಣಕ್ಕೆ ಅದರ ಸುಮಾರು ಕಾಲು ಭಾಗವನ್ನಷ್ಟೇ ಕೊಟ್ಟಿದ್ದರು. ನೋಡುಗರಲ್ಲಿ ಯಾರೂ ‘ಬಣ್ಣ ಮಸುಕಾಗಿದೆ’ ಎಂದು ದೂರಲಿಲ್ಲ. ಇಂದಿನ ಡಿಜಿಟಲ್ ಪ್ರಸಾರದಲ್ಲೂ ಸಾಮಾನ್ಯವಾಗಿ ಪ್ರತಿ ಚುಕ್ಕಿಗೂ ತಿಳಿತನವನ್ನು ಕಳುಹಿಸಿ, ಬಣ್ಣವನ್ನು ನಾಲ್ಕು ಚುಕ್ಕಿಗಳಿಗೆ ಒಂದರಂತೆ ಕಳುಹಿಸುತ್ತಾರೆ. ಅದೇ ಪ್ರಸಾರವನ್ನು ಕಪ್ಪು-ಬಿಳುಪು ಸೆಟ್ಟಿನಲ್ಲಿ ನೋಡಿದ ಮನೆಗಳೂ ಆಗ ಬಹಳ ಇದ್ದವು. ಹಸಿರಿನ ಮೇಲೆ ಕೆಂಪಕ್ಷರ ಹಾಕಿದ ಹೆಸರುಪಟ್ಟಿ ಅಂಥ ಮನೆಯಲ್ಲಿ ಬೂದಿಯ ಮೇಲೆ ಬೂದಿಯಾಗಿಬಿಡುತ್ತಿತ್ತು.

ಇಲ್ಲಿ ಒಂದು ಅಡ್ಡಮಾತು. ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಕೊನೆಯ ವರ್ಷಗಳನ್ನು ಬಹುಮಟ್ಟಿಗೆ ಬಣ್ಣ ಮತ್ತು ದೃಷ್ಟಿಯ ಅಧ್ಯಯನಕ್ಕೆ ಕೊಟ್ಟು, 1968ರಲ್ಲಿ ‘ದಿ ಫಿಸಿಯಾಲಜಿ ಆಫ್ ವಿಷನ್’ ಎಂಬ ಗ್ರಂಥವನ್ನು ಹೊರತಂದರು. ಮೂರು ಬಗೆಯ ಗ್ರಾಹಕಗಳ ಸಿದ್ಧಾಂತವನ್ನು ಅವರು ಒಪ್ಪಿರಲಿಲ್ಲ. ಆ ವಿಷಯದಲ್ಲಿ ವಿಜ್ಞಾನ ಅವರ ದಾರಿಯನ್ನು ಹಿಡಿಯಲಿಲ್ಲ. ಆದರೆ ಇಳಿವಯಸ್ಸಿನಲ್ಲೂ ಹೂವಿನ ಎಸಳು ಹಿಡಿದು ‘ಇದು ನನ್ನ ಕಣ್ಣಿಗೆ ಹೀಗೇಕೆ ಕಾಣುತ್ತದೆ?’ ಎಂದು ಕೇಳಿಕೊಳ್ಳುವ ಆ ಕುತೂಹಲ ಈ ವಿಷಯಕ್ಕೆ ಬಹಳ ತಕ್ಕದ್ದು.

ಈಗ ಗಣಕದ ಕಡೆಗೆ ಬರೋಣ. ಪರದೆಯ ಒಂದೊಂದು ಚುಕ್ಕಿಗೂ ಗಣಕ ಮೂರು ಸಂಖ್ಯೆಗಳನ್ನು ಇಟ್ಟಿರುತ್ತದೆ: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಪ್ರತಿಯೊಂದೂ 0ಯಿಂದ 255ರವರೆಗೆ. ಹೀಗೆ ಸಿಗುವ ಬಣ್ಣಗಳು 1 ಕೋಟಿ 67 ಲಕ್ಷಕ್ಕೂ ಹೆಚ್ಚು. ಇಷ್ಟು ದೊಡ್ಡ ಉಗ್ರಾಣ ಕೈಗೆ ಸಿಕ್ಕಾಗ ಕಣ್ಣುಮುಚ್ಚಿ ಕೈಹಾಕುವ ಆಸೆ ಸಹಜ. ತೊಂದರೆಯೆಂದರೆ ಈ ಸಂಖ್ಯೆಗಳು ಯಂತ್ರದ ಅನುಕೂಲಕ್ಕೆ ಮಾಡಿದವು.

ಒಂದೆರಡು ಉದಾಹರಣೆ ನೋಡಿ. ಬಣ್ಣ ಆರಿಸುವ ಹಲವು ತಂತ್ರಾಂಶಗಳಲ್ಲಿ ಬಗೆ, ತೀವ್ರತೆ, ತಿಳಿತನ ಎಂದು ಮೂರು ಅಳತೆಗಳಿರುತ್ತವೆ. 1978ರಲ್ಲಿ, ಗಣಕಗಳು ಬಹಳ ನಿಧಾನವಾಗಿದ್ದ ಕಾಲದಲ್ಲಿ, ಸುಲಭವಾಗಿ ಲೆಕ್ಕ ಹಾಕಲೆಂದು ರೂಪಿಸಿದ ಪದ್ಧತಿ ಅದು. ಅದರಲ್ಲಿ ಅಪ್ಪಟ ಹಳದಿಯ ತಿಳಿತನ 50. ಅಪ್ಪಟ ನೀಲಿಯ ತಿಳಿತನವೂ 50! ಪರದೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳದಿ ಬಿಸಿಲಿನಂತಿದೆ, ನೀಲಿ ಇಳಿರಾತ್ರಿಯಂತಿದೆ. ಕಣ್ಣಿನ ಅಳತೆಯಲ್ಲಿ, ಕಪ್ಪಿಗೆ 0 ಬಿಳುಪಿಗೆ 100 ಎಂದಾದರೆ, ಹಳದಿಗೆ 97, ಹಸಿರಿಗೆ 88, ಕೆಂಪಿಗೆ 53, ನೀಲಿಗೆ ಕೇವಲ 32. ಪರದೆಯ ಬಿಳುಪಿನ ಹೊಳಪಿನಲ್ಲಿ ನೂರಕ್ಕೆ ಸುಮಾರು 72 ಪಾಲು ಹಸಿರಿನದು, 21 ಕೆಂಪಿನದು, 7 ಮಾತ್ರ ನೀಲಿಯದು. ಈ ಮೂರು ಸಂಖ್ಯೆಗಳನ್ನು ಕಂಠಪಾಠ ಮಾಡಿದರೂ ತಪ್ಪಿಲ್ಲ.

ಇನ್ನೊಂದು ತೊಡಕು, ಬೆಳಕು ಮತ್ತು ಬೆಳಕಿನ ಅನುಭವ ಒಂದೇ ಅಳತೆಯಲ್ಲಿ ಏರುವುದಿಲ್ಲ ಎಂಬುದು. ಕತ್ತಲೆ ಕೋಣೆಯಲ್ಲಿ ಒಂದು ಹಣತೆ ಉರಿಯುತ್ತಿದ್ದಾಗ ಎರಡನೆಯದನ್ನು ಹಚ್ಚಿ, ಕೋಣೆಯೇ ಬದಲಾಗುತ್ತದೆ. ದೀಪೋತ್ಸವದಲ್ಲಿ ನೂರು ಹಣತೆ ಉರಿಯುವಾಗ ನೂರ ಒಂದನೆಯದನ್ನು ಹಚ್ಚಿ. ಹಚ್ಚಿದವರಿಗಲ್ಲದೆ ಬೇರೆಯವರಿಗೆ ತಿಳಿಯದು. ಹೀಗಾಗಿ ಕಣ್ಣು ‘ಇದು ಕಪ್ಪು-ಬಿಳುಪಿನ ನಟ್ಟನಡುವಿನ ಬೂದು’ ಎಂದು ಒಪ್ಪುವ ಬಣ್ಣ ಚೆಲ್ಲುವ ಬೆಳಕು ಬಿಳುಪಿನ ಅರ್ಧವಲ್ಲ. ನೂರಕ್ಕೆ ಸುಮಾರು 18 ಮಾತ್ರ. ಬೆಳಕಿನ ಅಂತರರಾಷ್ಟ್ರೀಯ ಆಯೋಗವಾದ ಸಿ.ಐ.ಇ. 1976ರಲ್ಲಿ ‘ಲ್ಯಾಬ್’ ಎಂಬ ಅಳತೆಯನ್ನು ರೂಪಿಸಿದ್ದು ಈ ಅನುಭವದ ಮೆಟ್ಟಿಲುಗಳನ್ನು ಆದಷ್ಟು ಸಮ ಮಾಡುವುದಕ್ಕೆ. ಮೇಲೆ ಹೇಳಿದ 97, 32 ಎಂಬ ಸಂಖ್ಯೆಗಳು ಅದರವೇ. ಅದರಲ್ಲೂ ನೀಲಿಯ ಭಾಗದಲ್ಲಿ ಸ್ವಲ್ಪ ಕೊಂಕಿದೆ. ಅದನ್ನು ತಿದ್ದಿ ಬ್ಯೋರ್ನ್ ಒಟ್ಟೊಸನ್ ಎಂಬಾತ 2020ರಲ್ಲಿ ‘ಓಕೆಲ್ಯಾಬ್’ ಎಂಬ ಸರಳ ಸೂತ್ರವನ್ನು ಪ್ರಕಟಿಸಿದ. ನಮ್ಮ ಪೋಸ್ಟರಿನ ಮಟ್ಟಿಗೆ ಎರಡರಲ್ಲಿ ಯಾವುದಾದರೂ ಸರಿ. ನಿಮ್ಮ ತಂತ್ರಾಂಶದಲ್ಲಿ ಈ ಎರಡರಲ್ಲಿ ಒಂದು ಇದ್ದರೆ 1978ರ ಅಳತೆಯನ್ನು ಬಿಟ್ಟು ಅದನ್ನೇ ಬಳಸಿ ಎಂಬುದು ನನ್ನ ಸಲಹೆ.

ಇಷ್ಟು ತಿಳಿದ ಮೇಲೆ ಗಣಕದ ಬಂಡೆಯನ್ನು ಕಟ್ಟೋಣ. ಗಣಕ ಕಲ್ಲನ್ನು ಎಲ್ಲಿಂದ ತರುತ್ತದೆ? ಕೆನ್ ಪರ್ಲಿನ್ ಎಂಬ ಅಮೆರಿಕದ ವಿಜ್ಞಾನಿ 1985ರಲ್ಲಿ ಪ್ರಕಟಿಸಿದ ಒಂದು ಉಪಾಯ ಇಂದಿಗೂ ಬಳಕೆಯಲ್ಲಿದೆ. 1997ರಲ್ಲಿ ಅವನಿಗೆ ಅದಕ್ಕಾಗಿ ಅಮೆರಿಕದ ಚಲನಚಿತ್ರ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ರಂಗೋಲಿಯ ಚುಕ್ಕಿಗಳಂತೆ ಪರದೆಯ ಮೇಲೆ ಸಮದೂರದಲ್ಲಿ ಚುಕ್ಕಿಗಳನ್ನು ಇಡುತ್ತಾರೆ. ಒಂದೊಂದು ಚುಕ್ಕಿಗೂ ಮನಬಂದಂತೆ ಒಂದೊಂದು ದಿಕ್ಕು. ನಡುವಿನ ಜಾಗವನ್ನು ಈ ದಿಕ್ಕುಗಳಿಗೆ ಅನುಸಾರವಾಗಿ, ಎಲ್ಲೂ ಜಿಗಿತವಿಲ್ಲದೆ, ಏರುತಗ್ಗುಗಳಿಂದ ತುಂಬುತ್ತಾರೆ. ಅದರ ಮೇಲೆ ಇನ್ನೂ ಒತ್ತೊತ್ತಾದ ಚುಕ್ಕಿಗಳ ಇನ್ನೊಂದು ಪದರ, ಮತ್ತೂ ಒತ್ತಾದ ಮತ್ತೊಂದು. ಎಲ್ಲವನ್ನೂ ಕೂಡಿದಾಗ ಪರದೆಯ ಪ್ರತಿ ಚುಕ್ಕಿಗೂ ಒಂದೇ ಒಂದು ಸಂಖ್ಯೆ ಬರುತ್ತದೆ. 0ಗೂ 1ಕ್ಕೂ ನಡುವೆ ಎಂದಿಟ್ಟುಕೊಳ್ಳಿ. ಬಂಡೆಯೂ ಅದೇ, ಮೋಡವೂ ಅದೇ, ಮರದ ತೊಗಟೆಯೂ ಅದೇ. ಆ ಸಂಖ್ಯೆಗೆ ಇನ್ನೂ ಬಣ್ಣವಿಲ್ಲ. 0ಗೆ ಯಾವ ಬಣ್ಣ, 1ಕ್ಕೆ ಯಾವ ಬಣ್ಣ ಎಂಬುದನ್ನು ಹೇಳುವವರು ನೀವು. ಪೋಸ್ಟರು ಕೆಡುವುದೂ ಉಳಿಯುವುದೂ ಇಲ್ಲೇ.

ನಿಜವಾದ ಬಂಡೆಗೆ ನಿಷ್ಠರಾಗಿ 0ಗೆ ಕಾಗೆಬಂಗಾರದ ಕಡುಬೂದು, 1ಕ್ಕೆ ಬೆಣಚಿನ ಬಿಳುಪು ಕೊಟ್ಟಿರೆನ್ನಿ. ಕಣ್ಣಿನ ಅಳತೆಯಲ್ಲಿ ತಿಳಿತನ 40ರಿಂದ 90ರವರೆಗೆ ಓಲಾಡುತ್ತದೆ. ಮೇಲೆ ತಿಳಿತನ 20ರ ಕಡು ಅಕ್ಷರ ಬರೆಯಿರಿ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತವನ್ನು ಅಳೆಯಲು ಅಂತರಜಾಲದ ಒಕ್ಕೂಟ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಸೂತ್ರವೊಂದಿದೆ. ಎರಡು ಬಣ್ಣಗಳ ಬೆಳಕಿಗೂ (ಬಿಳುಪಿಗೆ 1 ಎಂದು ಹಿಡಿದು) 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸುವುದು. ಆ 0.05 ಎಂಬುದು ಸುತ್ತಲಿನ ಬೆಳಕು ಪರದೆಯ ಮೇಲೆ ಬಿದ್ದು ಪ್ರತಿಫಲಿಸುವುದಕ್ಕೆ ಕಟ್ಟುವ ತೆರಿಗೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಈ ಅನುಪಾತ ಕನಿಷ್ಠ 4.5 ಇರಬೇಕು, ದಪ್ಪ ದೊಡ್ಡ ಅಕ್ಷರಕ್ಕೆ 3 ಸಾಕು ಎನ್ನುತ್ತದೆ ಆ ಮಾರ್ಗಸೂಚಿ. ನಮ್ಮ ಬಂಡೆಯ ಮೇಲೆ ಲೆಕ್ಕ ಹಾಕಿದರೆ ಬೆಣಚಿನ ಜಾಗದಲ್ಲಿ ಅನುಪಾತ 10, ಕಾಗೆಬಂಗಾರದ ಜಾಗದಲ್ಲಿ ಕೇವಲ 2. ಅಂದರೆ ಒಂದೇ ಅಕ್ಷರದ ಅರ್ಧ ಎದ್ದು ಕಾಣುತ್ತದೆ, ಇನ್ನರ್ಧ ಮುಳುಗುತ್ತದೆ. ಸರಾಸರಿ ಹಾಕಿ ‘6 ಬಂತು, ಸಾಕು’ ಎಂದು ಸಮಾಧಾನಪಡುವಂತಿಲ್ಲ. ಹೊಳೆಯ ಸರಾಸರಿ ಆಳ ಮೊಣಕಾಲುದ್ದ ಎಂದು ನಂಬಿ ದಾಟಿದರೆ ಏನಾಗುತ್ತದೆ? ನೋಡಬೇಕಾದದ್ದು ಅತ್ಯಂತ ಕೆಟ್ಟ ಜಾಗವನ್ನು.

ಈಗ ತಿಳಿತನವನ್ನು ಬಿಗಿಹಿಡಿಯೋಣ. ಹಿನ್ನೆಲೆ 86ಕ್ಕಿಂತ ಕೆಳಗಿಳಿಯಬಾರದು, 94ಕ್ಕಿಂತ ಮೇಲೇರಬಾರದು. ಅದೇ ಅಕ್ಷರಕ್ಕೆ ಈಗ ಅತ್ಯಂತ ಕೆಟ್ಟ ಜಾಗದಲ್ಲಿ ಅನುಪಾತ 9, ಒಳ್ಳೆಯ ಜಾಗದಲ್ಲಿ 11. ಎಲ್ಲ ಕಡೆಯೂ ಓದಲು ಬರುತ್ತದೆ. ‘ಹಾಗಾದರೆ ಬಂಡೆಯೇ ಮಾಯವಾಯಿತಲ್ಲ?’ ಎಂದು ನೀವು ಕೇಳಬಹುದು. ಇಲ್ಲ, ಬಣ್ಣದ ಬಗೆ ಇನ್ನೂ ನಿಮ್ಮ ಕೈಯಲ್ಲೇ ಇದೆ. ಕೆಂಪು 240, ಹಸಿರು 222, ನೀಲಿ 214 ಎಂದು ಕೊಟ್ಟರೆ ಫೆಲ್ಡ್‌ಸ್ಪಾರಿನ ನಸುಗೆಂಪು ಬರುತ್ತದೆ. 218, 227, 235 ಎಂದು ಕೊಟ್ಟರೆ ಮೋಡದಂಥ ತಣ್ಣನೆಯ ಬೂದು. ಸಂಖ್ಯೆಗಳನ್ನು ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲ. ಕಣ್ಣಿನ ಅಳತೆಯಲ್ಲಿ ಎರಡರ ತಿಳಿತನವೂ 90. ಪರ್ಲಿನ್ನನ ಸಂಖ್ಯೆ 0 ಇದ್ದಲ್ಲಿ ಮೊದಲನೆಯದು, 1 ಇದ್ದಲ್ಲಿ ಎರಡನೆಯದು, ನಡುವೆ ನಡುವಿನದು. ಉಬ್ಬುತಗ್ಗು ಬೇಕೆನಿಸಿದರೆ ತಿಳಿತನವನ್ನು ನಾಲ್ಕು ಮೆಟ್ಟಿಲಷ್ಟು ಮೇಲೆ ಕೆಳಗೆ ಆಡಿಸಿ. ಇದರ ಮೇಲೆ 90, 20, 20 ಎಂಬ ಕಡುಗೆಂಪಿನಲ್ಲಿ ದಿನಾಂಕ ಬರೆದರೆ ಅನುಪಾತ ಸುಮಾರು 10. ಬಂಡೆ ಇದೆ, ಅದರ ಕೆಂಪೂ ಇದೆ. ಅಕ್ಷರದೊಡನೆ ಜಗಳ ಮಾತ್ರ ಇಲ್ಲ.

ಎಲ್ಲ ಬಣ್ಣಗಳೂ ಎಲ್ಲ ತಿಳಿತನದಲ್ಲೂ ಸಿಗುತ್ತವೆಂದು ತಿಳಿಯಬೇಡಿ. ಹಳದಿ ತಿಳಿಯಾಗಿದ್ದಾಗ ಮಾತ್ರ ಹಳದಿ. ಅದನ್ನು ಕಡು ಮಾಡಿದರೆ ಕೆಸರಿನ ಬಣ್ಣವಾಗುತ್ತದೆ. ನೀಲಿಗೆ ಇದರ ತಿರುಗುಮುರುಗು: ತಿಳಿ ಮಾಡುತ್ತ ಹೋದಂತೆ ತನ್ನ ತೀವ್ರತೆಯನ್ನು ಬಿಟ್ಟುಕೊಡುತ್ತದೆ. ತಿಳಿತನವನ್ನು ಮೊದಲು ಗೊತ್ತುಮಾಡಿ, ಅಲ್ಲಿ ಯಾವ ಬಗೆಗೆ ಎಷ್ಟು ತೀವ್ರತೆ ದಕ್ಕುತ್ತದೋ ಅಷ್ಟಕ್ಕೆ ತೃಪ್ತರಾಗಬೇಕು. ಚನ್ನಪಟ್ಟಣದ ಅರಗಿನ ಬೊಂಬೆಯಲ್ಲಿ ಇರುವಂಥ ಉಜ್ವಲ ಬಣ್ಣ ಹಿನ್ನೆಲೆಗೆ ಏಕೆ ಬೇಡ ಎಂದರೆ, ಬೊಂಬೆಯನ್ನು ಯಾರೂ ಓದುವುದಿಲ್ಲ; ಅದು ತಾನೇ ಮುಂದೆ ನಿಲ್ಲಬೇಕಾದದ್ದು. ಹಿನ್ನೆಲೆ ಹಿಂದೆ ನಿಲ್ಲಬೇಕಾದದ್ದು.

ಕನ್ನಡ ಲಿಪಿಗೆ ಸಂಬಂಧಿಸಿದ ಒಂದು ವಿಶೇಷವನ್ನು ಹೇಳಲೇಬೇಕು. ಇಂಗ್ಲಿಷ್‌ಗಾಗಿ ಬರೆದ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ನಮ್ಮಲ್ಲಿ ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಚಿಕ್ಕ ಗೀಟು. ಕಲ್ಲಿನ ಮಚ್ಚೆಯೊಂದು ಆ ಗೀಟನ್ನು ನುಂಗಿದರೆ ‘ಧನಸಹಾಯ’ ಹೋಗಿ ‘ದನಸಹಾಯ’ವಾಗುತ್ತದೆ; ಊರಿನವರು ಹಗ್ಗ ಹಿಡಿದು ಬಂದರೂ ಬಂದರೇ! ಅಕ್ಷರದ ಮುಂದೆ ಒಂದು ದುಂಡನೆಯ ಮಚ್ಚೆ ಬಿದ್ದರೆ ಇಲ್ಲದ ಸೊನ್ನೆ ಹುಟ್ಟಿಕೊಂಡು ‘ಬಡಿ’ ‘ಬಂಡಿ’ಯಾಗುತ್ತದೆ. ಒತ್ತಕ್ಷರಗಳಂತೂ ಅಕ್ಷರದ ಕಾಲ ಬಳಿ ಅರ್ಧ ಗಾತ್ರದಲ್ಲಿ ಕೂತಿರುತ್ತವೆ. ಪತ್ರಿಕೆಗಳಲ್ಲಿ, ಜಾಹೀರಾತುಗಳಲ್ಲಿ ಕನ್ನಡದ ಸಾಲನ್ನು ಇಂಗ್ಲಿಷಿನದಕ್ಕಿಂತ ಚಿಕ್ಕದಾಗಿ, ಅದೇ ಗಜಿಬಿಜಿ ಹಿನ್ನೆಲೆಯ ಮೇಲೆ ಹಾಕಿರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ನಮ್ಮ ಲಿಪಿಗೆ ಬೇಕಾದದ್ದು ಇನ್ನೂ ಹೆಚ್ಚು ನೆಮ್ಮದಿಯ ಹಿನ್ನೆಲೆ.

ಆದ್ದರಿಂದ ಹಿನ್ನೆಲೆಯ ಮಚ್ಚೆಗಳ ಗಾತ್ರವನ್ನೂ ನೋಡಿಕೊಳ್ಳಬೇಕು. ಅಕ್ಷರದ ಗೀಟಿನಷ್ಟೇ, ಸೊನ್ನೆಯಷ್ಟೇ ಗಾತ್ರದ ಮಚ್ಚೆಗಳು ಎಲ್ಲಕ್ಕಿಂತ ಅಪಾಯಕಾರಿ. ಕಣ್ಣು ಎರಡನ್ನೂ ಒಂದೇ ಜರಡಿಯಲ್ಲಿ ಹಿಡಿಯುತ್ತದೆ. ಮಚ್ಚೆ ಗೀಟಿಗಿಂತ ಬಹಳ ಸಣ್ಣದಾದರೆ ದೂರಕ್ಕೆ ಒಂದೇ ಬಣ್ಣವಾಗಿ ಬೆರೆಯುತ್ತದೆ. ಇಡೀ ಪದಕ್ಕಿಂತ ದೊಡ್ಡದಾದರೆ ನೆರಳಿನಂತೆ ಹಿಂದೆ ಉಳಿಯುತ್ತದೆ. ಪರ್ಲಿನ್ನನ ಪದರಗಳಲ್ಲಿ ಗೀಟಿನ ಗಾತ್ರಕ್ಕೆ ಹತ್ತಿರವಿರುವ ಪದರವನ್ನು ತೆಗೆದುಹಾಕಿದರೆ, ಇಲ್ಲವೇ ತೀರ ತಗ್ಗಿಸಿದರೆ, ಅರ್ಧ ಕೆಲಸ ಮುಗಿದಂತೆ.

ರಾಜ್ಯೋತ್ಸವಕ್ಕೆ ಪೋಸ್ಟರ್ ಮಾಡುವವರಿಗೂ ಒಂದು ಮಾತು ಹೇಳಿಬಿಡುತ್ತೇನೆ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಅರಿಶಿನ-ಕುಂಕುಮದ ಬಾವುಟ ನಮಗೆಲ್ಲ ಪ್ರಿಯ. ಆ ಬಣ್ಣಗಳಲ್ಲೇ ಬರೆಯಬೇಕೆಂಬ ಆಸೆಯೂ ಸರಿ. ಗಣಕದ ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪಕ್ಷರ ಹಾಕಿದರೆ ಅನುಪಾತ 3.7. ‘ಕನ್ನಡ ರಾಜ್ಯೋತ್ಸವ’ ಎಂಬ ದಪ್ಪ ಶೀರ್ಷಿಕೆಗೆ ಅದು ನಡೆಯುತ್ತದೆ. ಕೆಳಗಿನ ಸಣ್ಣಕ್ಷರದ ಕಾರ್ಯಕ್ರಮ ಪಟ್ಟಿಗೆ ಸಾಲದು. ಕೆಂಪನ್ನು ಬಿಡಬೇಕಾಗಿಲ್ಲ. ಅದರ ಸಂಖ್ಯೆಯನ್ನು 255ರಿಂದ 160ಕ್ಕೆ ಇಳಿಸಿ. ಅದು ಮನೆಯ ಕುಂಕುಮದ ಬಣ್ಣಕ್ಕೆ ಇನ್ನೂ ಹತ್ತಿರವಾಗುತ್ತದೆ, ಅನುಪಾತವೂ 7.8ಕ್ಕೆ ಏರುತ್ತದೆ. ಕೆಂಪು-ಹಸಿರು ಜೋಡಿಯನ್ನು ಮಾತ್ರ ಅಕ್ಷರ-ಹಿನ್ನೆಲೆಗಳಾಗಿ ಬಳಸಬೇಡಿ. ಅಪ್ಪಟ ಬಣ್ಣಗಳಲ್ಲಿ ಅದರ ಅನುಪಾತ 3ಕ್ಕೂ ಕಡಿಮೆ. ಅಲ್ಲದೆ ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯದವರು ಪ್ರತಿಯೊಂದು ದೊಡ್ಡ ತರಗತಿಯಲ್ಲೂ ಇರಬಹುದು, ಹುಡುಗರಲ್ಲಿ ಹೆಚ್ಚಾಗಿ. ಎಷ್ಟೋ ವೇಳೆ ಅವರಿಗೇ ಅದು ಗೊತ್ತಿರುವುದಿಲ್ಲ. ತಿಳಿತನದ ಅಂತರ ಚೆನ್ನಾಗಿದ್ದರೆ ಅವರಿಗೂ ಓದಲು ತೊಂದರೆಯಾಗದು.

ಸೂತ್ರವನ್ನೂ ಕಣ್ಣುಮುಚ್ಚಿ ನಂಬಬೇಡಿ. ಕಪ್ಪು ಹಿನ್ನೆಲೆಯ ಮೇಲೆ ಬಣ್ಣದ ಅಕ್ಷರ ಹಾಕಿದಾಗ ಈ 2008ರ ಸೂತ್ರ ಸ್ವಲ್ಪ ಉದಾರವಾಗಿ ಅಂಕ ಕೊಡುತ್ತದೆ. ಕಣ್ಣು ಅಷ್ಟು ಕೊಡುವುದಿಲ್ಲ. ಅಲ್ಲಿ 4.5 ಬಂದರೂ ಇನ್ನಷ್ಟು ಏರಿಸುವುದು ಕ್ಷೇಮ. ಕಣ್ಣಿನ ಪೊರೆ ಬಂದವರ ಸ್ಥಿತಿ ಇನ್ನೂ ಬೇರೆ. ಅವರ ಕಣ್ಣಿನ ಮಸೂರ ಹಳದಿಗೆ ತಿರುಗಿ, ಬೆಳಕನ್ನು ಚದುರಿಸುತ್ತದೆ. ಮಂಜು ಕವಿದ ಗಾಜಿನ ಮೂಲಕ ನೋಡಿದಂತೆ. ಅವರಿಗೆ ಎಲ್ಲ ಅನುಪಾತಗಳೂ ಕುಗ್ಗುತ್ತವೆ; ಕಡುನೀಲಿಗೂ ಕಪ್ಪಿಗೂ ಭೇದ ತಿಳಿಯುವುದು ಕಷ್ಟವಾಗುತ್ತದೆ. ಕಣ್ಣಿನ ಶಿಬಿರದ ಪೋಸ್ಟರಿಗೆ ಕನಿಷ್ಠ 4.5 ಇದ್ದರಾಯಿತು ಎಂದು ನಾನು ಹೇಳಲಾರೆ. ದಿನಾಂಕ ಮತ್ತು ಸ್ಥಳಕ್ಕೆ 9, 10 ಇರಲಿ.

ಇದನ್ನೆಲ್ಲ ಲೆಕ್ಕ ಹಾಕುವ ತಂತ್ರಾಂಶ ಕೈಯಲ್ಲಿಲ್ಲದಿದ್ದರೆ ಏನು ಮಾಡುವುದು? ಚಿತ್ರಕಾರರು ಮೊದಲಿನಿಂದಲೂ ಮಾಡುತ್ತ ಬಂದಿರುವ ಉಪಾಯವೊಂದಿದೆ: ಕಣ್ಣನ್ನು ಅರೆಮುಚ್ಚಿ ನೋಡುವುದು. ಸಣ್ಣ ವಿವರಗಳು ಕರಗಿ, ತಿಳಿ-ಕಡುಗಳ ದೊಡ್ಡ ಗುಂಪುಗಳಷ್ಟೇ ಉಳಿಯುತ್ತವೆ. ಆಗಲೂ ಸಾಲುಗಳು ಸಾಲುಗಳಾಗಿ ಕಂಡರೆ ಒಳ್ಳೆಯ ಲಕ್ಷಣ. ಮೊಬೈಲ್ ಫೋನಿನಲ್ಲಿ ಕಪ್ಪು-ಬಿಳುಪು ಮಾಡಿಯೂ ನೋಡಬಹುದು. ಇವೆಲ್ಲಕ್ಕಿಂತ ಕಠಿಣ ಪರೀಕ್ಷಕ ಊರಿನ ಜೆರಾಕ್ಸ್ ಅಂಗಡಿ. ಹೇಗಿದ್ದರೂ ನಿಮ್ಮ ಪೋಸ್ಟರನ್ನು ಯಾರಾದರೂ ಅಲ್ಲಿ ಕಪ್ಪು-ಬಿಳುಪಿನಲ್ಲಿ ಐವತ್ತು ಪ್ರತಿ ಮಾಡಿಸಿ ಪಕ್ಕದ ಊರಿಗೆ ಕೊಂಡೊಯ್ಯುವವರೇ. ನೀವೇ ಮೊದಲು ಹೋಗಿ ಒಂದು ಪ್ರತಿ ಮಾಡಿಸಿ. ಆ ಪ್ರತಿಯನ್ನು ಇನ್ನೊಮ್ಮೆ ಜೆರಾಕ್ಸ್ ಮಾಡಿಸಿ. ಎರಡನೆಯ ಪ್ರತಿಯನ್ನು ಗೋಡೆಗೆ ಹಿಡಿದು, ಹತ್ತು ಹೆಜ್ಜೆ ಹಿಂದೆ ಸರಿದು, ಮನೆಯ ಅಜ್ಜಿಯನ್ನು ಕರೆದು ಓದಿಸಿ. ದಿನಾಂಕ, ಸಮಯ, ಸ್ಥಳ ಮೂರನ್ನೂ ಅವರು ತಡವರಿಸದೆ ಓದಿದರೆ ಅಚ್ಚಿಗೆ ಕೊಡಿ.